ಅಪ್ಪನ ಹಳೇ ಸ್ಪೆಕ್ಟ್ರಮ್ ಕಂಪ್ಯೂಟರ್ ರಿಪೇರಿ ಮಾಡಿಸಲೋ, ಹೊಸದನ್ನು ತರಿಸಲೋ? ಅನುಭವ ಇದ್ದವರು ಹೇಳಿ

ಅಟ್ಟದ ಹುಡುಗ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪನಿಗೆ ಎಪ್ಪತ್ತು ತುಂಬುತ್ತೆ. ಶಿವಮೊಗ್ಗದ ಮನೆಯ ಅಟ್ಟ ಗುಡಿಸುವಾಗ ಅವರ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಸಿಕ್ಕಿತು, ಟಿವಿಗೆ ಸಿಗಿಸಿ ಬಳಸೋ ಹಳೇ ಮನೆ ಕಂಪ್ಯೂಟರ್. ಡೆಸಿಬೆಲ್ಸ್‌ನವರು ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿಯ ಲೈಸೆನ್ಸ್ ತಗೊಂಡು 1986ರಿಂದ ನಮ್ಮ ದೇಶದಲ್ಲೇ ಮಾರಿದ ಮಾದರಿ ಅದು. ಜೊತೆಗೆ ಹನ್ನೊಂದು ಕ್ಯಾಸೆಟ್ಟು, ಒಂದು ಗೋಣಿಚೀಲದ ತುಂಬ ಇಂಗ್ಲೆಂಡಿನ ಹಳೇ ಕಂಪ್ಯೂಟರ್ ಪತ್ರಿಕೆ. ವಿಮರ್ಶೆ ಇರುವ ಪುಟಗಳ ಅಂಚಿನಲ್ಲೆಲ್ಲ ಅಪ್ಪನ ಪೆನ್ಸಿಲ್ ಬರಹ ಇದೆ. ಇನ್ನೂ ಕರೆಂಟ್ ಕೊಟ್ಟು ನೋಡಿಲ್ಲ.

ಇದನ್ನೇ ರಿಪೇರಿ ಮಾಡಿಸಿ ಕೊಡಲೋ, ಇಲ್ಲ 2024ರಲ್ಲಿ ಬಂತಲ್ಲ, ಒಳಗೇ 48 ಆಟ ಇಟ್ಟುಕೊಂಡು ಎಚ್‌ಡಿಎಂಐಗೆ ಸಿಗಿಸೋ ಹೊಸ ಸ್ಪೆಕ್ಟ್ರಮ್, ಅದನ್ನು ತರಿಸಲೋ? ಬಂದಾಗ ಇಂಗ್ಲೆಂಡಿನಲ್ಲಿ 89.99 ಪೌಂಡ್ ಇತ್ತಂತೆ. ನನ್ನ ಹತ್ತಿರ ಇರೋದು 15 ಸಾವಿರ. ಮನೇಲಿರೋದು ಎಲ್‌ಇಡಿ ಟಿವಿ, ಹಳೇದು ಅದಕ್ಕೆ ಹಿಡಿಯುತ್ತಾ? ಇನ್ನೊಂದು ಕುತೂಹಲ: ಈ ವಿಮರ್ಶೆಗಳನ್ನು ನಂಬಿ ನಿಜಕ್ಕೂ ಜನ ದುಡ್ಡು ಹಾಕ್ತಿದ್ದರಾ?

ಲೈಬ್ರರಿ ಕಾರ್ಡ್

ವಿಮರ್ಶೆ ನಂಬಿ ದುಡ್ಡು ಹಾಕಿದವನು ನಾನು. ಅದನ್ನೇ ಹೇಳ್ತೀನಿ.

ಬೆಂಗಳೂರಿನ ಬ್ರಿಟಿಷ್ ಲೈಬ್ರರಿ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಕಟ್ಟಡದಲ್ಲಿದ್ದ ಕಾಲ. ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆನೇ ಹೋಗಿ ನಿಲ್ತಿದ್ದೆ, ಹೊಸ ಸಂಚಿಕೆ ಬೇರೆಯವರ ಕೈಗೆ ಹೋಗಬಾರದು ಅಂತ. ಜೆರಾಕ್ಸಿಗೆ ಕೊಡೋಷ್ಟು ದುಡ್ಡಿರಲಿಲ್ಲ. ಇನ್ನೂರು ಪುಟದ ನೋಟ್ ಬುಕ್ಕಿನಲ್ಲಿ ವಿಮರ್ಶೆಗಳನ್ನು ಪೂರ್ತಿ ಕೈಯಲ್ಲಿ ಬರೆದುಕೊಳ್ತಿದ್ದೆ, ಅಂಕಿಅಂಶದ ಪಟ್ಟಿ ಸಮೇತ. ಝಡ್80ಎ ಪ್ರೊಸೆಸರ್, 3.5 ಮೆಗಾಹರ್ಟ್ಸ್, ತೆರೆ ಮೇಲೆ 256 ಇಂಟು 192 ಚುಕ್ಕಿ, ನಲವತ್ತು ಕೀ. 1982ರ ಏಪ್ರಿಲ್‌ನಲ್ಲಿ ಬಂದಾಗ 16ಕೆ ಮೆಮೊರಿಯ ಯಂತ್ರಕ್ಕೆ 125 ಪೌಂಡ್, 48ಕೆಗೆ 175. ಮರುವರ್ಷ 48ಕೆ ಬೆಲೆ 129.95ಕ್ಕೆ ಇಳಿಯಿತು. ಆಗ ಪೌಂಡಿಗೆ ಸುಮಾರು 16 ರೂಪಾಯಿ. ಎರಡು ಸಾವಿರದ ಚಿಲ್ಲರೆ! ಆ ಪುಟದ ಕೆಳಗೆ ಲೆಕ್ಕ ಹಾಕಿ ಎರಡು ಗೆರೆ ಎಳೆದಿದ್ದೆ.

1984ರ ಡಿಸೆಂಬರ್‌ನಲ್ಲಿ ಭಾವ ಲೀಡ್ಸ್‌ನಿಂದ ತಂದರು. ಬೊಂಬಾಯಿಯಲ್ಲಿ ಕಸ್ಟಮ್ಸ್‌ಗೆ ಕಟ್ಟಿದ್ದು 2,340 ರೂಪಾಯಿ, ಯಂತ್ರದ ಬೆಲೆಗಿಂತ ಜಾಸ್ತಿ. ರಸೀದಿ ಇನ್ನೂ ಇಟ್ಟಿದ್ದೀನಿ. ಸರಿ, ಮನೆಗೆ ಬಂತು, ಟಿವಿಗೆ ಹಾಕಿದೆವು. ಏನೂ ಇಲ್ಲ. ಹನ್ನೆರಡು ಚಾನೆಲ್ಲಿನ ಗುಂಡಿ ತಿರುಗಿಸಿ ತಿರುಗಿಸಿ ಬೆರಳು ನೊಂದಿತು, ತೆರೆ ತುಂಬ ಇರುವೆ ಹರಿದಾಡಿದ ಹಾಗೆ ಚುಕ್ಕಿ. ಹತ್ತೊಂಬತ್ತು ದಿನ ಹೀಗೇ. ಭಾವ ಮೋಸ ಹೋದರು ಅಂತ ಅಕ್ಕ ಅತ್ತೇ ಬಿಟ್ಟಳು.

ಕಾರಣ ಇಷ್ಟೇ. ಸ್ಪೆಕ್ಟ್ರಮ್ ಚಿತ್ರ ಕಳಿಸೋದು ಯುಎಚ್‌ಎಫ್ ಅನ್ನೋ ಮೇಲಿನ ತರಂಗಪಟ್ಟಿಯ 36ನೇ ಚಾನೆಲ್‌ನಲ್ಲಿ. ನಮ್ಮ ಟಿವಿಗೆ ಇದ್ದದ್ದು ಅದಕ್ಕಿಂತ ಕೆಳಗಿನ ಪಟ್ಟಿ ಹಿಡಿಯೋ ವಿಎಚ್‌ಎಫ್ ಟ್ಯೂನರ್ ಒಂದೇ, ಏಕೆಂದರೆ ದೂರದರ್ಶನಕ್ಕೆ ಅಷ್ಟು ಸಾಕಾಗಿತ್ತು. ಎಸ್‌ಪಿ ರಸ್ತೆಯ ಒಬ್ಬರ ಹತ್ತಿರ ಯುಎಚ್‌ಎಫ್ ಟ್ಯೂನರ್ ಹಾಕಿಸಿದೆ, 480 ರೂಪಾಯಿ. ಅವರು ಸೆಟ್ ಹಾಳು ಮಾಡಿ ಕೊಟ್ಟರು. ಇನ್ನೊಬ್ಬರಿಗೆ 150 ಕೊಟ್ಟು ಸರಿ ಮಾಡಿಸಿದೆ. ನಾನು ಬರೆದುಕೊಂಡಿದ್ದ ಆರು ವಿಮರ್ಶೆಯಲ್ಲಿ ಒಂದರಲ್ಲೂ ಈ ಒಂದು ಸಾಲು ಇರಲಿಲ್ಲ. ಬರೆದವರದು ತಪ್ಪಲ್ಲ, ಇಂಗ್ಲೆಂಡಿನ ಮನೆಗಳಲ್ಲಿ ಆಗಲೇ ಹೆಚ್ಚುಕಡಿಮೆ ಎಲ್ಲ ಟಿವಿಯೂ ಯುಎಚ್‌ಎಫ್. ಅವರು ಬರೆದದ್ದು ಅವರ ಹಜಾರಕ್ಕೆ, ನಾನು ಓದಿದ್ದು ಬಸವನಗುಡಿಯಲ್ಲಿ ಕೂತು.

ರಿಪೇರಿ ಮಾಡಿಸಿ. ಹೊಸದು ಬೇಡ.

ಸಿಡ್ ಭಕ್ತ

ಸ್ಪೆಕ್ಟ್ರಮ್‌ಗೆ ಹದಿನೈದು ಸಾವಿರ ಸುರಿಯೋ ಬದಲು ಅದೇ ಕಾಲದ ಅಮೆರಿಕದ ಕಂಪ್ಯೂಟರ್, ಒಂದು ಕಮೋಡೋರ್ 64 ಹುಡುಕಿ. ನನ್ನ ಕಥೆ ಹೇಳ್ತೀನಿ, ಆಮೇಲೆ ನೀವೇ ತೀರ್ಮಾನ ಮಾಡಿ.

ಚಿಕ್ಕಪ್ಪ 1985ರಲ್ಲಿ ನ್ಯೂಜೆರ್ಸಿಯಿಂದ ತಂದರು. 1982ರಲ್ಲಿ 595 ಡಾಲರ್ ಇದ್ದದ್ದು ಅಷ್ಟೊತ್ತಿಗೆ ಅದರ ಮೂರನೇ ಒಂದು ಭಾಗಕ್ಕೂ ಕೆಳಗೆ ಬಂದಿತ್ತು. ಅದರ ಜೊತೆ ತಂದಿದ್ದ ಪತ್ರಿಕೆಯಲ್ಲಿ ವಿಮರ್ಶೆ ಮಾಡಿದವರು ಹೆಚ್ಚು ಜಾಗ ಕೊಟ್ಟಿದ್ದು ಅದರ ಸದ್ದು ಮಾಡೋ ಸಿಡ್ ಚಿಪ್ಪಿಗೆ. ಬಾಬ್ ಯಾನಿಸ್ ರೂಪಿಸಿದ್ದು, ಮೂರು ಸ್ವರ ಒಟ್ಟಿಗೆ ನುಡಿಸುತ್ತೆ, ಒಳಗೇ ಫಿಲ್ಟರ್. ನಾನು ಪಿಟೀಲು ಕಲೀತಿದ್ದೆ ಆಗ. ಆ ಪುಟ ಎಷ್ಟು ಸಲ ಓದಿದ್ದೀನೋ.

ಹಾಕಿದರೆ ಚಿತ್ರ ಮೇಲಿಂದ ಕೆಳಗೆ ಉರುಳ್ತಾ ಇದೆ, ಬಣ್ಣ ಇಲ್ಲ, ಸದ್ದೇ ಇಲ್ಲ. ಅಮೆರಿಕದ್ದು ಎನ್‌ಟಿಎಸ್‌ಸಿ, ನಮ್ಮದಕ್ಕಿಂತ ಬೇರೆ ಟಿವಿ ಪದ್ಧತಿ. ಅವರ 3ನೇ ಚಾನೆಲ್ 61.25 ಮೆಗಾಹರ್ಟ್ಸ್, ನಮ್ಮ 4ನೇದು 62.25. ಫೈನ್ ಟ್ಯೂನಿಂಗ್ ತಿರುಗಿಸಿದರೆ ಸಿಕ್ಕಿಬಿಡುತ್ತೆ. ಟಿವಿ ಹಿಂದಿನ ವರ್ಟಿಕಲ್ ಹೋಲ್ಡ್ ಗುಂಡಿ ತಿರುಗಿಸಿದರೆ ಚಿತ್ರ ನಿಲ್ಲುತ್ತೆ. ಸದ್ದು ಮಾತ್ರ ಬರಲ್ಲ: ಅಲ್ಲಿ ಚಿತ್ರಕ್ಕೂ ಸದ್ದಿಗೂ 4.5 ಮೆಗಾಹರ್ಟ್ಸ್ ಅಂತರ, ನಮ್ಮಲ್ಲಿ 5.5. ಹನ್ನೊಂದು ವಾರ ನಾನು ಆ ಚಿಪ್ಪಿನ ದನಿ ಕೇಳಲೇ ಇಲ್ಲ. ಕೊನೆಗೆ ಕಾಲೇಜಿನ ಲ್ಯಾಬ್ ಅಟೆಂಡರ್ ಒಬ್ಬರು ಯಂತ್ರದ ಹಿಂದಿನ ಗುಂಡು ಸಾಕೆಟ್ಟಿನಿಂದ ತಂತಿ ತೆಗೆದು ರೇಡಿಯೋದ ಆಂಪ್ಲಿಫೈಯರ್‌ಗೆ ಕೊಟ್ಟರು. ಆ ರಾತ್ರಿ ಮನೆಯವರೆಲ್ಲ ಬಂದು ನಿಂತು ಕೇಳಿದರು.

1988ರಲ್ಲಿ ಅದು ಸತ್ತಿತು. 230ನ್ನು 110ಕ್ಕೆ ಇಳಿಸೋ ಟ್ರಾನ್ಸ್‌ಫಾರ್ಮರ್ ಮಾಡಿಕೊಟ್ಟ ಅಂಗಡಿಯವರು ಒಳಗೆ ಬೆಸುಗೆ ಸರಿಯಾಗಿ ಹಾಕಿರಲಿಲ್ಲ. 260 ರೂಪಾಯಿ ಟ್ರಾನ್ಸ್‌ಫಾರ್ಮರ್‌ನಿಂದ ಇಡೀ ಯಂತ್ರ ಹೋಯಿತು. ಆದರೂ ನನಗೆ ಬೇಕಾದದ್ದು ಅದೇ. ಸ್ಪೆಕ್ಟ್ರಮ್‌ನಲ್ಲಿ 8 ಇಂಟು 8ರ ಚೌಕಕ್ಕೆ ಎರಡೇ ಬಣ್ಣ. ಗಿಡದ ಪಕ್ಕ ಮನುಷ್ಯ ನಡೆದರೆ ಮನುಷ್ಯನೂ ಹಸಿರು. ಅದನ್ನು ಅಪ್ಪನಿಗೆ ಉಡುಗೊರೆ ಕೊಡ್ತೀರಾ?

ಲೈಬ್ರರಿ ಕಾರ್ಡ್

ಅದು ಅವರ ಅಪ್ಪನದೇ ಯಂತ್ರ ಸ್ವಾಮಿ. ಸಿಡ್ ಚಿಪ್ಪು ಒಳ್ಳೇದು, ಒಪ್ತೀನಿ. ಆದರೆ ನಿಮ್ಮ 64ರ ಬೇಸಿಕ್ ಪ್ರೋಗ್ರಾಂ ಭಾಷೆಯಲ್ಲಿ ಒಂದು ಗೆರೆ ಎಳೆಯೋಕೆ ಆಜ್ಞೆ ಇತ್ತಾ? ಸ್ಪೆಕ್ಟ್ರಮ್‌ನಲ್ಲಿ ಡ್ರಾ, ಸರ್ಕಲ್, ಬೀಪ್ ಅಂತ ಬರೆದರೆ ಆಯಿತು. ನಿಮ್ಮಲ್ಲಿ ಅಂಚಿನ ಬಣ್ಣ ಬದಲಿಸೋಕೂ ಪೋಕ್ 53280, ಅಂದರೆ ಮೆಮೊರಿಯ ವಿಳಾಸಕ್ಕೇ ಅಂಕಿ ತುಂಬಬೇಕು. ಹದಿನಾರು ವರ್ಷದ ಹುಡುಗನಿಗೆ ಯಾವುದು ಕಲಿಸುತ್ತೆ?

ಸಿಡ್ ಭಕ್ತ

ಪೋಕ್ ಮಾಡಿ ಕಲಿತದ್ದರಿಂದಲೇ ನಾನು ಇವತ್ತು ಚಿಪ್ ವಿನ್ಯಾಸದ ಕೆಲಸದಲ್ಲಿದ್ದೀನಿ. ಸರ್ಕಲ್ ಅಂತ ಬರೆದು ವೃತ್ತ ಬಂದರೆ ಒಳಗೆ ಏನಾಯಿತು ಅಂತ ಯಾರಿಗೆ ಗೊತ್ತಾಗುತ್ತೆ?

ಧಾರವಾಡ ಮೇಷ್ಟ್ರು

ಇಬ್ಬರೂ ಸ್ವಲ್ಪ ಸುಮ್ನಿರ್ರಿ. ಕಲಿಸೋ ಮಾತು ಬಂದದ ಅಂದ್ರ ನಾ ಹೇಳ್ತೀನಿ, ಕಲಿಸಿದಾಂವ ನಾ.

ಸಾಲಿಗೆ ಕಂಪ್ಯೂಟರ್ ಕೊಡೋ ಸರ್ಕಾರದ ಕ್ಲಾಸ್ ಯೋಜನಾ ಸುರು ಆಗಿದ್ದು 1984ರಾಗ. ದೇಶದ ತುಂಬ ಮೊದಲ ಸುತ್ತಿಗೆ ಸುಮಾರು 250 ಸಾಲಿಗೆ ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದ್ವು. ಆಮ್ಯಾಲೆ ಸರ್ಕಾರದ ಚಿಪ್ ಕಂಪನಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಅದನ್ನ ಎಸ್‌ಸಿಎಲ್ ಯೂನಿಕಾರ್ನ್ ಅಂತ ನಮ್ಮ ದೇಶದಾಗ ತಯಾರ್ ಮಾಡಿದ್ರು. ನಮ್ಮ ಸಾಲಿಗೂ ಬಂತು. ಖೋಲಿಗೆ ಪರದೆ, ಸ್ಟೆಬಿಲೈಜರ್, ಚಪ್ಪಲಿ ಹೊರಗ. ಕೀಲಿ ಹೆಡ್ಮಾಸ್ತರ್ ಹತ್ರ. ಅವರು ಊರಿಗೆ ಹೋದ್ರ ವಾರಗಟ್ಟಲೆ ಖೋಲಿ ತಗೀತಿರಲಿಲ್ಲ. ಒಂದು ಮಷಿನ್ ಮುಂದ ಆರು ಹುಡುಗರು. ಕೀಬೋರ್ಡ್ ಮುಟ್ಟಲಿಕ್ಕೆ ಒಬ್ಬೊಬ್ಬಂಗ ನಾಕ್ನಾಕು ನಿಮಿಷ.

ವಿಮರ್ಶಾ ಖರೇನೋ ಸುಳ್ಳೋ ಅಂತ ನಾ ಸ್ವತಃ ತೂಗಿ ನೋಡೇನಿ. ಇಂಗ್ಲೆಂಡಿನ ಪರ್ಸನಲ್ ಕಂಪ್ಯೂಟರ್ ವರ್ಲ್ಡ್ ಪತ್ರಿಕಾದವರು ಪ್ರತಿ ಹೊಸ ಮಷಿನ್ ಮ್ಯಾಲೂ ಎಂಟು ಸಣ್ಣ ಬೇಸಿಕ್ ಪ್ರೋಗ್ರಾಂ ಓಡಿಸಿ ಎಷ್ಟು ಸೆಕೆಂಡ್ ಹಿಡೀತು ಅಂತ ಪಟ್ಟಿ ಹಾಕ್ತಿದ್ರು. ಮೊದಲ ಏಳು 1977ರಾಗ ಅಮೆರಿಕಾದ ಕಿಲೋಬಾಡ್ ಪತ್ರಿಕಾದಾಗ ಬಂದಿದ್ವು, ಎಂಟನೇದು ಇವರು ಕೂಡಿಸಿದ್ದು. ಮೊದಲನೇದು ಬರೇ ಸಾವಿರ ಸರ್ತಿ ಸುತ್ತೋ ಫಾರ್-ನೆಕ್ಸ್ಟ್. ಡ್ರಿಲ್ ಮಾಸ್ತರ್ ಕಡೆ ಸ್ಟಾಪ್‌ವಾಚ್ ಇಸ್ಕೊಂಡು ಮಕ್ಕಳ ಮುಂದ ಎಂಟೂ ಓಡಿಸಿದೆ. ಪತ್ರಿಕಾದಾಗ ಇದ್ದ ಅಂಕಿಗೆ ಸರಿಯಾಗಿ ಹೊಂದಿದ್ವು. ಮೊದಲನೇದು ಬಿಬಿಸಿಯೊಳಗ ಸುಮಾರು ಒಂದು ಸೆಕೆಂಡ್. ಗೆಳೆಯನ ಸ್ಪೆಕ್ಟ್ರಮ್‌ದಾಗ ಅದಽ ನಾಕು ಸೆಕೆಂಡ್ ದಾಟ್ತು. ಇದು ಅಭಿಪ್ರಾಯ ಅಲ್ಲ, ಅಳತಿ.

1998ರಾಗ ಲಿಲಾವಿನ್ಯಾಗ ಒಂದು ಬಿಬಿಸಿ ನಾನಽ ತಗೊಂಡೆ, 900 ರೂಪಾಯಿ. 2016ರಾಗ ಚಾಲೂ ಮಾಡಿದೆ. ಇಪ್ಪತ್ತು ನಿಮಿಷ ಛಂದ ನಡೀತು. ಆಮ್ಯಾಲೆ ಪವರ್ ಸಪ್ಲೈದಾಗಿಂದ ಬಿಳೇ ಹೊಗೆ, ಏನ್ ಆ ವಾಸನಿ! ಕರೆಂಟ್ ಒಳಗ ಬರೋ ಕಡೆ ಇರೋ ಫಿಲ್ಟರ್ ಕೆಪಾಸಿಟರ್ ವರ್ಷ ಆದಂಗ ಸೀಳು ಬಿಟ್ಟು ಸಿಡೀತಾವ. ಕೆಪಾಸಿಟರ್ 85 ರೂಪಾಯಿ. ರಿಪೇರಿಯವಂಗ 400. ಅವ ಸ್ಕ್ರೂ ಕಳದ. ಪರದೆ ತೊಳಸ್ಲಿಕ್ಕೆ 120. ವಾಸನಿ ಹೋಗ್ಲಿಕ್ಕೆ ಒಂಬತ್ತು ದಿನ.

ಲೈಬ್ರರಿ ಕಾರ್ಡ್

ಮೇಷ್ಟ್ರೇ, ಬಿಬಿಸಿ ಮಾಡೆಲ್ ಬಿ ಬೆಲೆ 399 ಪೌಂಡ್ ಅನ್ನೋದನ್ನೂ ಹೇಳಿ. ಸರ್ಕಾರದ ದುಡ್ಡಲ್ಲಿ ಬಂದದ್ದಕ್ಕೂ ಸಂಬಳದ ದುಡ್ಡಲ್ಲಿ ತಂದದ್ದಕ್ಕೂ ಒಂದೇ ಸ್ಟಾಪ್‌ವಾಚ್ ಹಿಡಿದರೆ ಹೇಗೆ?

ಧಾರವಾಡ ಮೇಷ್ಟ್ರು

ಸರ್ಕಾರದ ದುಡ್ಡು ಅಂದ್ರ ಪುಕ್ಕಟೆ ಅಲ್ರೀ. ಆ ಖೋಲಿಯೊಳಗ ಕಲಿತ ಹುಡುಗರು ತಮ್ಮ ಮನಿಯೊಳಗ ಅಂಥ ಮಷಿನ್ ಕನಸಿನ್ಯಾಗೂ ಕಂಡಿರಲಿಲ್ಲ. ತಿಳ್ಕೊಂಡು ಮಾತಾಡ್ರಿ.

ಸೋಲ್ಡರ್ ಹೊಗೆ

ಪ್ರಶ್ನೆ ಕೇಳಿದವರೇ, ದಯವಿಟ್ಟು ಕರೆಂಟ್ ಕೊಡಬೇಡಿ. ಯಂತ್ರದ ಜೊತೆಗೇ ಬಂದ ಅಡಾಪ್ಟರ್ ಇದ್ದರೂ ಅದನ್ನು ಮೊದಲು ಮೀಟರ್‌ನಲ್ಲಿ ಅಳೆಯಿರಿ.

ನಾನು ಐದು ಸ್ಪೆಕ್ಟ್ರಮ್ ಎಬ್ಬಿಸಿದ್ದೀನಿ, ಒಂದನ್ನು ಕೈಯಾರೆ ಕೊಂದಿದ್ದೀನಿ. ಕೊಂದದ್ದರ ಬಗ್ಗೆ ಹೇಳ್ತೀನಿ, ಅದು ಉಪಯೋಗಕ್ಕೆ ಬರುತ್ತೆ. 9 ವೋಲ್ಟ್ ತಾನೇ ಅಂತ ರೂಟರ್‌ನ ಅಡಾಪ್ಟರ್ ಸಿಗಿಸಿದೆ. ಸ್ಪೆಕ್ಟ್ರಮ್‌ಗೆ ನಡುವಿನ ಪಿನ್ ಮೈನಸ್ ಆಗಬೇಕು. ರೂಟರ್‌ನದು ಪ್ಲಸ್. ಅರ್ಧ ಸೆಕೆಂಡು ಸಾಕಾಯಿತು. ಆ ಯಂತ್ರ ಕೊಟ್ಟ ಹಿರಿಯರಿಗೆ ಫೋನ್ ಮಾಡಿ ಹೇಳೋಕೆ ನನಗೆ ಮೂರು ದಿನ ಹಿಡಿಯಿತು.

ಇನ್ನು ಎಬ್ಬಿಸಿದ್ದರ ಲೆಕ್ಕ. ಕೆಳಗಿನ 16ಕೆ ಮೆಮೊರಿ 4116 ಚಿಪ್ಪುಗಳು, ಅವಕ್ಕೆ ಮೂರು ಬಗೆ ವೋಲ್ಟೇಜ್ ಬೇಕು: 12, 5, ಮತ್ತೆ ಮೈನಸ್ 5. ಮೈನಸ್ 5 ತಪ್ಪಿದರೆ ಆ ಚಿಪ್ಪುಗಳು ಸುಟ್ಟು ಹೋಗ್ತವೆ, ಒಂದು ಹೋದರೆ ಅದು ಪವರ್ ಸರ್ಕ್ಯೂಟಿನ ಟಿಆರ್4 ಟ್ರಾನ್ಸಿಸ್ಟರನ್ನೂ ಎಳಕೊಂಡು ಹೋಗುತ್ತೆ. ಹಾಗಾಗಿ ಟಿಆರ್4 ಮಾತ್ರ ಬದಲಿಸಿ ಖುಷಿ ಪಡಬೇಡಿ, ಮತ್ತೆ ಸುಡುತ್ತೆ. 2021ರಲ್ಲಿ ಮಾಡಿದ ಒಂದು ಸ್ಪೆಕ್ಟ್ರಮ್ ಪ್ಲಸ್‌ಗೆ ಆದ ಖರ್ಚು: ಕೆಪಾಸಿಟರ್ ಸೆಟ್ಟು 640. ಟ್ರಾನ್ಸಿಸ್ಟರ್ 180. 4116 ಹತ್ತು ತರಿಸಿದೆ, 1,450, ಅದರಲ್ಲಿ ನಾಲ್ಕು ಬರುವಾಗಲೇ ಸತ್ತಿದ್ದವು. ಇನ್ನೊಂದು ಕಡೆಯಿಂದ ಮತ್ತೆ 1,600. ಹಳೇ 7805 ವೋಲ್ಟೇಜ್ ರೆಗ್ಯುಲೇಟರ್ ಬದಲಿಗೆ ಬಿಸಿಯಾಗದ್ದು 350. ಕೀಬೋರ್ಡ್ ಒಳಗಿನ ಮೆಂಬ್ರೇನ್ ಹಾಳೆ 1,350, ಅದರ ಕೊರಿಯರ್ ಮತ್ತು ಸುಂಕ 2,100. ಒಟ್ಟು 7,670. ನನ್ನ ಕೂಲಿ ಸೇರಿಸಿಲ್ಲ. ಪ್ಲಸ್‌ನ ಮೆಂಬ್ರೇನ್ ಬಾಲ ಒಣಗಿ ಗರಿಗರಿ ಆಗಿರುತ್ತೆ, ಮುಚ್ಚಳ ಬಿಚ್ಚುವಾಗಲೇ ಮುರಿಯುತ್ತೆ. ಖಂಡಿತ ಹೊಸದು ಬೇಕು.

ಮೇಷ್ಟ್ರ ಯಂತ್ರದ ಸ್ಕ್ರೂ ಕಳೆದ ರಿಪೇರಿಯವನ ಬಗ್ಗೆ ನನಗೂ ಸಿಟ್ಟಿದೆ. ಆದರೆ 18 ವರ್ಷ ಸುಮ್ಮನಿದ್ದ ಪವರ್ ಸಪ್ಲೈಗೆ ನೇರ ಕರೆಂಟ್ ಕೊಟ್ಟವರು ಯಾರು?

ಧಾರವಾಡ ಮೇಷ್ಟ್ರು

ನಾನಽ ಕೊಟ್ಟೆ. ತಪ್ಪಾತು. ಮುಂದ?

ಕುವೈತ್ ಪೆಟ್ಟಿಗೆ

ನೀವೆಲ್ಲ ಲಂಡನ್, ಅಮೆರಿಕ ಅಂತಲೇ ಹೇಳ್ತೀರಿ ಮಾರಾಯ್ರೆ. ನಮ್ಮ ಉಡುಪಿ ಕಡೆ ಕಂಪ್ಯೂಟರ್ ಬಂದದ್ದು ಗಲ್ಫಿನಿಂದ. ಮಾವ ಕುವೈತ್‌ನಲ್ಲಿ ಇದ್ದರು. 1987ರಲ್ಲಿ ತಂದದ್ದು ಅಲ್ಲಿನ ಅಲ್ ಅಲಮಿಯಾ ಕಂಪನಿಯವರ ಸಖರ್, ಎಂಎಸ್‌ಎಕ್ಸ್ ಅನ್ನುವ ಮಾದರಿಯ ಕಂಪ್ಯೂಟರ್. ಕೀ ಮೇಲೆಲ್ಲ ಇಂಗ್ಲಿಷ್ ಅಕ್ಷರದ ಪಕ್ಕ ಅರಬ್ಬಿ ಅಕ್ಷರ. ನಾನು ಅರಬ್ಬಿಯ ಅಲಿಫ್, ಬೇ ಕಲಿತದ್ದು ಅದರಿಂದಲೇ. ನಮಗೆ ಟ್ಯೂನರ್ ರಗಳೆ ಇರಲಿಲ್ಲ: ಮಾವ ತಂದ ವಿಸಿಆರ್ ಇತ್ತು, ಅದಕ್ಕೆ ಸಿಗಿಸಿದ್ದು, ಅದರಿಂದ ಟಿವಿಗೆ. ಕಾರ್ಟ್ರಿಜ್ ಹಾಕಿದ ಕೂಡಲೇ ಆಟ ಶುರು. ಕ್ಯಾಸೆಟ್ಟಿನಿಂದ ಆಟ ಲೋಡ್ ಆಗಲಿಕ್ಕೆ ಐದು ನಿಮಿಷ ಕಾದು, ಕೊನೇ ಗಳಿಗೆಯಲ್ಲಿ ಕರೆಂಟ್ ಹೋಗಿ ಅಳುವ ಕಥೆ ನಮ್ಮಲ್ಲಿ ಇಲ್ಲ.

ನನಗೆ ಸಿಕ್ಕಿದ ಇಂಗ್ಲಿಷ್ ಪತ್ರಿಕೆಗಳಲ್ಲಿ ಸಖರ್ ಅಂತ ಒಂದು ಶಬ್ದ ಇಲ್ಲ. ಯಾರೂ ವಿಮರ್ಶೆ ಬರೆಯದ ಯಂತ್ರ ನಮ್ಮದು. ಒಳ್ಳೆಯದು ಅಂತ ನಾವೇ ಕಂಡುಕೊಂಡದ್ದು.

ಕಡಲಿನ ಉಪ್ಪು ಗಾಳಿಗೆ ಕಾರ್ಟ್ರಿಜ್ ಬಾಯಿಯ ಪಿನ್ನೆಲ್ಲ ಹಸಿರು ಹಿಡಿಯಿತು. ಪೆಟ್ರೋಲ್, ಸ್ಪಿರಿಟ್, ಪೆನ್ಸಿಲ್ ರಬ್ಬರ್, ಎಲ್ಲ ನೋಡಿದ್ದೇನೆ. 2003ರಲ್ಲಿ ನಾನು ಪುಣೆಯಲ್ಲಿ ಕೆಲಸದಲ್ಲಿದ್ದಾಗ ಅಮ್ಮ ಗುಜರಿಯವನಿಗೆ ಕೊಟ್ಟರು. ತೂಕಕ್ಕೆ. 40 ರೂಪಾಯಿ. ಅಮ್ಮನ ಹತ್ತಿರ ನಾನು ಇವತ್ತಿಗೂ ಆ ಮಾತು ತೆಗೆದಿಲ್ಲ. ಹಾಗಾಗಿ ಅಪ್ಪನ ಯಂತ್ರ ಅಟ್ಟದಲ್ಲಿ ಉಳಿದದ್ದೇ ದೊಡ್ಡದು.

ಸಾಲು ಸಂಖ್ಯೆ 340

ಎಲ್ಲರೂ ಪೆಟ್ಟಿಗೆ ಬಗ್ಗೆ ಮಾತಾಡ್ತಿದ್ದೀರಿ, ಗೋಣಿಚೀಲದ ಬಗ್ಗೆ ಯಾರೂ ಕೇಳಲಿಲ್ಲ. ನನಗೆ ಆ ಪತ್ರಿಕೆಗಳೇ ಮುಖ್ಯ.

ಮೈಸೂರಿನ ನಮ್ಮ ಮನೇಲಿ ಸ್ಪೆಕ್ಟ್ರಮ್ ಅಣ್ಣನದು. ನನಗೆ ಸಿಗ್ತಿದ್ದದ್ದು ಅವನು ಕ್ರಿಕೆಟ್ಟಿಗೆ ಹೋದಾಗ. ಪತ್ರಿಕೆ ನೋಡಿ ಪ್ರೋಗ್ರಾಂ ಟೈಪ್ ಮಾಡ್ತಿದ್ದೆ. ಪ್ರಿಂಟ್ ಅಂತ ಅಕ್ಷರ ಅಕ್ಷರ ಹೊಡೆಯೋ ಹಾಗಿಲ್ಲ, ಪಿ ಒತ್ತಿದರೆ ಪೂರ್ತಿ ಪದ ಬರುತ್ತೆ, ಜೆ ಒತ್ತಿದರೆ ಲೋಡ್. ಒಂದು ಆಟದ 340ನೇ ಸಾಲು ಪತ್ರಿಕೆಯಲ್ಲೇ ತಪ್ಪು ಅಚ್ಚಾಗಿತ್ತು. ತಪ್ಪು ನನ್ನದೇ ಅಂದುಕೊಂಡು ಒಂದೂವರೆ ತಿಂಗಳು ತಿದ್ದಿದೆ. ತಿದ್ದುಪಡಿ ಬಂದ ಮುಂದಿನ ಸಂಚಿಕೆ ನನಗೆ ಸಿಕ್ಕಿದ್ದು ಎರಡು ವರ್ಷದ ಮೇಲೆ, ಅವೆನ್ಯೂ ರಸ್ತೆ ಫುಟ್‌ಪಾತಿನಲ್ಲಿ, ಮೂರು ರೂಪಾಯಿಗೆ. ಅಷ್ಟೊತ್ತಿಗೆ ನಾನೇ ಸರಿ ಮಾಡಿ ಆಗಿತ್ತು.

ಹೀಗೆ ಅರವತ್ತು ಸಂಚಿಕೆ ಕೂಡಿಸಿದೆ. ಇಪ್ಪತ್ಮೂರನ್ನು ಗೆದ್ದಲು ತಿಂದಿತು. ಉಳಿದವನ್ನು ಇವತ್ತಿಗೂ ಓದ್ತೀನಿ, ಓದೋ ರೀತಿ ಬದಲಾಗಿದೆ ಅಷ್ಟೇ. ವಿಮರ್ಶೆಯಲ್ಲಿ ನಾನು ಮೊದಲು ಹುಡುಕೋದು ಅವರ ಕೈಗೆ ಬಂದದ್ದು ಅಂಗಡಿಯಲ್ಲಿ ಸಿಗೋ ಯಂತ್ರವಾ, ಇಲ್ಲ ಕಂಪನಿ ಮೊದಲೇ ಕಳಿಸಿದ ಮಾದರಿಯಾ ಅಂತ. ಸ್ಪೆಕ್ಟ್ರಮ್ ಮಾಡಿದ ಸಿಂಕ್ಲೇರ್ ಕಂಪನಿಯದೇ ಇನ್ನೊಂದು ಕಂಪ್ಯೂಟರ್ ಕ್ಯೂಎಲ್ ನೋಡಿ. 1984ರ ಜನವರಿ 12ಕ್ಕೆ ಘೋಷಣೆ, 399 ಪೌಂಡ್, 28 ದಿನದಲ್ಲಿ ಮನೆಗೆ ಅಂತ ಜಾಹೀರಾತು. ಯಂತ್ರಗಳು ಹೊರಟದ್ದು ಅಲ್ಲಿನ ಬೇಸಿಗೆ ಹತ್ತಿರ ಬಂದಾಗ, ಮೊದಲಿನವಕ್ಕೆ ಮೂಲ ಪ್ರೋಗ್ರಾಂ ಇರೋ ರೋಮ್ ಚಿಪ್ಪಿನ ಒಂದು ಭಾಗ ಹಿಂದೆ ನೇತಾಡ್ತಿತ್ತು, ಒಳಗೆ ಹಿಡಿಸದೆ. ಅಂಥದ್ದರ ಬಗ್ಗೆ ಫೆಬ್ರವರಿ, ಮಾರ್ಚ್‌ನಲ್ಲೇ ಬರೆದ ಮಾತಿಗೆ ಎಷ್ಟು ತೂಕ ಕೊಡಬೇಕು ಅನ್ನೋದು ಓದುಗರಿಗೆ ಬಿಟ್ಟದ್ದು.

ಆಟಗಳ ವಿಮರ್ಶೆ ಮಾತ್ರ ನನಗೆ ನಂಬಿಕೆ. ಸ್ಪೆಕ್ಟ್ರಮ್ ಆಟಗಳ ಕ್ರ್ಯಾಶ್ ಪತ್ರಿಕೆ 1984ರಲ್ಲಿ ಇಂಗ್ಲೆಂಡಿನ ಲಡ್ಲೋ ಅನ್ನೋ ಸಣ್ಣ ಊರಿಂದ ಶುರುವಾಯಿತು, ಅಲ್ಲಿನ ಶಾಲೆ ಹುಡುಗರ ಕೈಲೇ ಆಡಿಸಿ ಬರೆಸ್ತಿದ್ದರು. ಒಂದೇ ಆಟಕ್ಕೆ ಮೂವರ ಅಭಿಪ್ರಾಯ, ಕೊನೆಗೆ ಶೇಕಡಾ ಅಂಕ. ಒಬ್ಬ ಹೊಗಳಿದರೆ ಪಕ್ಕದಲ್ಲೇ ಇನ್ನೊಬ್ಬ ಬೇಜಾರು ಅಂತ ಬರೆದಿರೋನು.

ಧಾರವಾಡ ಮೇಷ್ಟ್ರು

ಸಾಲಿ ಹುಡುಗರು ಕೊಟ್ಟ ನೂರಕ್ಕ 92 ಅಂಕ, ಅದನ್ನ ನಂಬೂದು. ಸ್ಟಾಪ್‌ವಾಚ್ ಹಿಡದು ಅಳದದ್ದು ಬ್ಯಾಡ! ನೂರಕ್ಕ 91 ಯಾಕಲ್ಲ, 93 ಯಾಕಲ್ಲ? ಯಾರಾದ್ರೂ ಹೇಳ್ರಿ.

ಸಾಲು ಸಂಖ್ಯೆ 340

ಮೇಷ್ಟ್ರೇ, ಸಾವಿರ ಸಲ ಸುಮ್ಮನೆ ಸುತ್ತೋ ಪ್ರೋಗ್ರಾಂ ನಾನು ಜೀವನದಲ್ಲಿ ಒಂದು ಸಲವೂ ಬರೆದಿಲ್ಲ. ಆಟ ಆಡಿದ್ದೀನಿ. ನನ್ನ ವಯಸ್ಸಿನವರೇ ಆಡಿ ಬರೆದದ್ದು ನನಗೆ ಉಪಯೋಗಕ್ಕೆ ಬಂತು. ಹುಡುಗರು ಬರೆದರು ಅನ್ನೋ ಕಾರಣಕ್ಕೆ ಅದು ಕಡಿಮೆ ಆಗಲ್ಲ.

ಸಿಡ್ ಭಕ್ತ

ಅದೇ ಪ್ರಕಾಶಕರ ಕಮೋಡೋರ್ 64 ಪತ್ರಿಕೆ ಝ್ಯಾಪ್ 64 ಬಂದದ್ದು 1985ರಲ್ಲಿ. ಅದರಲ್ಲಿ ಸದ್ದಿಗೆ ಬೇರೆಯೇ ಅಂಕ ಇತ್ತು. ಯಾಕೆ ಅಂತ ಗೊತ್ತಲ್ಲ.

ಅಟ್ಟದ ಹುಡುಗ

ಎಲ್ಲರಿಗೂ ಧನ್ಯವಾದ. ಟಿವಿ ವಿಷಯ ಇನ್ನೂ ಗೊತ್ತಾಗಲಿಲ್ಲ. ಎಲ್‌ಇಡಿಗೆ ಹಿಡಿಯುತ್ತಾ?

ಸೋಲ್ಡರ್ ಹೊಗೆ

ಟಿವಿಯಲ್ಲಿ ಅನಲಾಗ್ ಟ್ಯೂನರ್ ಇದ್ದರೆ ಹಿಡಿಯುತ್ತೆ, 36ನೇ ಚಾನೆಲ್ ಅಂದರೆ 591.25 ಮೆಗಾಹರ್ಟ್ಸ್, ಕೈಯಿಂದಲೇ ಹುಡುಕಿ. ಆದರೆ ನಿಮ್ಮದು ಇಲ್ಲಿ ಮಾರಿದ ಮಾದರಿ, ಒಳಗಿನ ತಗಡಿನ ಡಬ್ಬಿ ಮೇಲೆ ಯಾವ ಮಾಡ್ಯುಲೇಟರ್ (ಚಿತ್ರವನ್ನು ಟಿವಿ ಚಾನೆಲ್‌ಗೆ ಏರಿಸೋ ಭಾಗ) ಅಂತ ಬರೆದಿರುತ್ತೆ, ಮೊದಲು ಅದನ್ನು ನೋಡಿ. ಅನಲಾಗ್ ಟ್ಯೂನರ್ ಇಲ್ಲದಿದ್ದರೆ ಆ ಡಬ್ಬಿಯನ್ನು ಬಿಟ್ಟು ಕಾಂಪೋಸಿಟ್ ವೀಡಿಯೋವನ್ನು ಸೀದಾ ಹೊರಗೆ ತರಬಹುದು, ಒಂದು ಕೆಪಾಸಿಟರ್ ಸಾಕು, ಟಿವಿಯ ಹಳದಿ ಸಾಕೆಟ್ಟಿಗೆ. ಡಬ್ಬಿ ಕಿತ್ತು ಬಿಸಾಡಬೇಡಿ.

ಲೈಬ್ರರಿ ಕಾರ್ಡ್

ಮಾಡ್ಯುಲೇಟರ್ ಮುಟ್ಟಲೇಬೇಡಿ. ನಾನು 630 ರೂಪಾಯಿ ಕೊಟ್ಟು ಟಿವಿ ಬದಲಿಸಿದೆನೇ ಹೊರತು ಯಂತ್ರಕ್ಕೆ ಕೈ ಹಾಕಲಿಲ್ಲ.

ಸೋಲ್ಡರ್ ಹೊಗೆ

ಆಗ ನಿಮಗೆ ಗೊತ್ತಿರಲಿಲ್ಲ, ಅದಕ್ಕೇ 630 ಹೋಯಿತು. ಗೊತ್ತಿದ್ದರೆ ಎರಡು ರೂಪಾಯಿ ಕೆಲಸ.

ಅಟ್ಟದ ಹುಡುಗ

ಗೋಣಿಚೀಲ ಪೂರ್ತಿ ಸುರಿದು ನೋಡಿದೆ. ಗೆದ್ದಲು ಹಿಡಿದಿಲ್ಲ. ಸ್ಪೆಕ್ಟ್ರಮ್ ವಿಮರ್ಶೆ ಇರೋ ಒಂದು ಪುಟದಲ್ಲಿ ಅಂಕಿಅಂಶದ ಪಟ್ಟಿ ಪಕ್ಕ ಅಪ್ಪ ಪೆನ್ಸಿಲ್‌ನಲ್ಲಿ ‘ಯುಎಚ್‌ಎಫೋ ವಿಎಚ್‌ಎಫೋ? ಕೇಳಬೇಕು’ ಅಂತ ಬರೆದು ಸುತ್ತು ಹಾಕಿದ್ದಾರೆ.

ಲೈಬ್ರರಿ ಕಾರ್ಡ್

ಯಾವ ಪತ್ರಿಕೆ, ಯಾವ ತಿಂಗಳು? ಪುಟದ ಫೋಟೋ ಹಾಕಿ. ನನ್ನ ನೋಟ್ ಬುಕ್ಕಿನಲ್ಲೂ ಅದೇ ಪಟ್ಟಿ ಇರಬಹುದು, ಇವತ್ತೇ ತೆಗೆದು ನೋಡ್ತೀನಿ.